ಗೋಡೆ ಹಿಡಿದಿಟ್ಟ ನೆರಳು

ಕಡೂರು
20 ಆಗಸ್ಟ್ 2024

ಮಗ ಸೈಫ್‌ಗೆ ಅಬ್ಬಾನ ಸಲಾಂ.

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾನಲ್ಲ ಎಂದು ನಗಬೇಡ. ಫೋನ್ ಕೈಗೆತ್ತಿಕೊಂಡರೆ ನನಗೆ ಆ ದಿನವೇ ಕಣ್ಣಮುಂದೆ ಬರುತ್ತದೆ. ನಿನ್ನ ಅಮ್ಮಿ ಹೋದ ದಿನ ನಾನೂ ನಿನ್ನ ತಂಗಿ ಫಿರ್ದೋಸೂ ಬೆಳಗಿನಿಂದ ನಿನಗೆ ಫೋನ್ ಮಾಡುತ್ತಲೇ ಇದ್ದೆವು. ಅದು ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುತ್ತಿತ್ತು. ಬಣ್ಣದ ಫ್ಯಾಕ್ಟರಿಯ ಕತ್ತಲೆ ಕೋಣೆಗೆ ಫೋನ್ ಒಯ್ಯುವಂತಿಲ್ಲ, ಅದರ ಪರದೆಯ ಬೆಳಕಿಗೇ ನಿಮ್ಮ ಪರೀಕ್ಷೆ ಕೆಟ್ಟುಹೋಗುತ್ತದೆ ಎಂದು ನೀನು ಆಮೇಲೆ ಹೇಳಿದೆ. ನಿಜವೇ ಇರಬಹುದು. ಮಣ್ಣು ಮಾಡುವುದನ್ನು ಸಂಜೆಯವರೆಗೆ ತಡೆದೆ. ಮಳೆ ನಿಲ್ಲಲಿಲ್ಲ, ಇನ್ನು ಕಾಯಬಾರದು ಎಂದು ಹಿರಿಯರು ಹೇಳಿದರು. ನೀನು ಪುಣೆಯಿಂದ ಬಂದಿಳಿಯುವಾಗ ಗೋರಿಯ ಹತ್ತಿರ ಮೂರನೆಯ ದಿನದ ಜಿಯಾರತ್ ಮುಗಿದಿತ್ತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಮುಚ್ಚಿಡುವುದಿಲ್ಲ. ಆದರೆ ಈ ಸಂಗತಿ ಕೇಳುವುದಕ್ಕೆ ನಿನ್ನನ್ನು ಬಿಟ್ಟರೆ ನನಗೆ ಬೇರೆ ಯಾರೂ ಇಲ್ಲ.

ಎರಡು ವರ್ಷದ ಹಿಂದೆ ರಜಕ್ಕೆ ಬಂದಾಗ ನೀನು ಒಳಕೋಣೆಯ ಗೋಡೆಗೆ ನಿಮ್ಮ ಫ್ಯಾಕ್ಟರಿಯ ಬಣ್ಣ ಬಳಿದೆ. ಕರೆಂಟ್ ಹೋದರೆ ಅಮ್ಮಿ ಎಡವಿ ಬೀಳುತ್ತಾಳೆ, ದೀಪ ಆರಿದ ಮೇಲೂ ಈ ಗೋಡೆ ಹಸಿರಾಗಿ ಬೆಳಗುತ್ತಿರುತ್ತದೆ ಎಂದೆ. ನಲವತ್ತು ವರ್ಷ ಅಂಗಡಿ ಬೋರ್ಡು, ಲಾರಿ, ಟ್ರ್ಯಾಕ್ಟರ್‌ಗಳಿಗೆ ಬಣ್ಣ ಹಾಕಿದವನಿಗೆ ಬಣ್ಣ ಹಚ್ಚುವುದು ಕಲಿಸಲು ಬಂದೆಯಾ ಎಂದು ನಾನು ತಮಾಷೆ ಮಾಡಿದ್ದೆ.

ಅವಳು ಹೋದ ಮೇಲೆ ಆ ಕೋಣೆಯಲ್ಲಿ ನಾನು ದೀಪ ಹಾಕಿಲ್ಲ. ಕಿಟಕಿಯನ್ನೂ ಮುಚ್ಚಿದ್ದೇನೆ. ಫಿರ್ದೋಸ್ ಮಾತ್ರ ಬಟ್ಟೆ ಮಡಚಿಡಲು ಹೋದಾಗ ದೀಪ ಹಾಕಿ ಆರಿಸುತ್ತಾಳೆ. ನಲವತ್ತರ ದಿನ ಕಳೆದ ಮಾರನೆಯ ಸಂಜೆ ಮಗ್ರಿಬ್ ನಮಾಜು ಮುಗಿಸಿ ಬಂದು, ಟೋಪಿ ಇಡಲು ಆ ಬಾಗಿಲು ತೆಗೆದೆ. ಗೋಡೆ ಹಸಿರಾಗಿತ್ತು. ಅದರ ನಡುವೆ ನಿನ್ನ ಅಮ್ಮಿ ಕೂತಿದ್ದಳು.

ಮಣೆಯ ಮೇಲೆ ಬಾಗಿಲ ಕಡೆ ಮುಖ ಮಾಡಿ ಅಕ್ಕಿ ಆರಿಸುತ್ತಿದ್ದಳಲ್ಲ, ಅದೇ ಭಂಗಿ. ತಲೆಯ ಮೇಲೆ ಓಢನಿ, ತಲೆ ಸ್ವಲ್ಪ ಬಾಗಿದೆ, ಕೈ ಮಡಿಲಲ್ಲಿದೆ. ಎಲ್ಲ ಕಪ್ಪು, ಸುತ್ತಲೂ ಹಸಿರು. ಜೀವವಿರುವುದರ ಚಿತ್ರ ಬರೆಯಬಾರದೆಂದು ನಾನು ಜನ್ಮದಲ್ಲಿ ಒಂದು ಮುಖ ಬರೆದವನಲ್ಲ. ನನ್ನ ಮನೆಯ ಗೋಡೆಯ ಮೇಲೇ ಯಾರೋ ಬರೆದುಬಿಟ್ಟಿದ್ದರು.

ಆ ದಿನ ಬಾಗಿಲು ಎಳೆದುಕೊಂಡು ಜಗುಲಿಯಲ್ಲಿ ಕೂತೆ. ಫಿರ್ದೋಸ್ ಊಟಕ್ಕೆ ಕರೆದಳು. ಅಮ್ಮಿ ಹೋದಾಗಿನಿಂದ ಎರಡು ತುತ್ತು ಇಳಿಯದಿದ್ದವನು ಹೊಟ್ಟೆ ತುಂಬ ಉಂಡೆ. ಆಮೇಲೆ ದಿನಾ ಹೋಗಿ ನೋಡುತ್ತೇನೆ. ದಿನಾ ಇರುತ್ತಾಳೆ. ಗೋಡೆ ಮಂಕಾಗುತ್ತ ಬಂದ ಹಾಗೆ ಅವಳೂ ಕತ್ತಲೊಳಗೆ ಸೇರಿಹೋಗುತ್ತಾಳೆ. ಇದು ಬಣ್ಣದ ಗುಣವೋ, ಬೇರೆ ಏನೋ? ತಿಳಿದದ್ದನ್ನು ಬರೆ.

ಇನ್ನೊಂದು ಮಾತು. ಅಜ್ಜಂಪುರದವರು ಫಿರ್ದೋಸ್ ಮದುವೆಯ ವಿಷಯಕ್ಕೆ ಉತ್ತರ ಕೇಳುತ್ತಿದ್ದಾರೆ. ಹುಡುಗ ಇಮ್ದಾದ್, ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ, ಹೆಸರು ಒಳ್ಳೆಯದಿದೆ. ಅವರು ಬಂದು ಕೇಳಿದಾಗ ನಿನ್ನ ಅಮ್ಮಿ ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದಳು. ಹೇಳದೆ ಹೋದಳು. ಅವಳ ಒಪ್ಪಿಗೆ ಇಲ್ಲದೆ ಈ ಮನೆಯಲ್ಲಿ ನಾನು ಒಂದು ಮೊಳೆಯನ್ನೂ ಹೊಡೆದವನಲ್ಲ.

ನಿನ್ನ ಅಬ್ಬಾ
ಗುಲಾಮ್ ಮೊಹಿದ್ದೀನ್

ಪುಣೆ
4 ಸೆಪ್ಟೆಂಬರ್ 2024

ಅಬ್ಬಾಗೆ ಸಲಾಂ.

ನಿಮ್ಮ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತು. ಲಕೋಟೆಯ ಮೇಲೆ ನನ್ನ ಹೆಸರನ್ನೂ ಅಂಗಡಿ ಬೋರ್ಡಿನ ಹಾಗೆ ನೆರಳು ಕೊಟ್ಟು ಬರೆದಿದ್ದೀರಿ. ಸಿಟ್ಟಿದೆ ಎಂದು ಬರೆದದ್ದು ಒಳ್ಳೆಯದಾಯಿತು. ಆ ದಿನ ನಾನು ಕತ್ತಲಲ್ಲಿ ಕೂತು ಹೊರಗೆ ಹೋಗುವ ದಾರಿ ತೋರಿಸುವ ಒಂದು ಬಾಣದ ಗುರುತು ಎಷ್ಟು ಹೊತ್ತು ಬೆಳಗುತ್ತದೆ ಎಂದು ಅಳೆಯುತ್ತಿದ್ದೆ. ಈಗಲೂ ಆ ಕೋಣೆಗೆ ಹೋಗುವಾಗ ಫೋನನ್ನು ಹೊರಗಿನ ಪೆಟ್ಟಿಗೆಯಲ್ಲಿಡುವ ಮೊದಲು ಎರಡೆರಡು ಸಲ ನೋಡಿಕೊಳ್ಳುತ್ತೇನೆ.

ಗೋಡೆಯ ವಿಷಯ. ಆ ಬಣ್ಣದೊಳಗಿನ ಪುಡಿಗೆ ಸ್ವಂತ ಬೆಳಕು ಒಂದಿಷ್ಟೂ ಇಲ್ಲ. ದೀಪದ ಬೆಳಕು ಬಿದ್ದಾಗ ಅದರಲ್ಲೊಂದು ಪಾಲನ್ನು ಒಳಗೆ ಇಟ್ಟುಕೊಳ್ಳುತ್ತದೆ, ದೀಪ ಆರಿದ ಮೇಲೆ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ. ಮೊದಲು ಜೋರಾಗಿ, ಆಮೇಲೆ ಮಂಕಾಗಿ. ಇಟ್ಟುಕೊಂಡದ್ದು ಮುಗಿದರೆ ಅದೂ ಬರಿಯ ಗೋಡೆಯೇ. ಬೆಳಕು ಉಣಿಸದೆ ಅದು ಯಾವತ್ತೂ ಬೆಳಗುವುದಿಲ್ಲ.

ಅದರ ಮೇಲೆ ಕಪ್ಪು ಆಕಾರ ಕಾಣಲು ಎರಡೇ ಕಾರಣ ಇರಬಹುದು. ಒಂದು, ಶೀತ. ಈ ಪುಡಿಗೆ ನೀರು ಆಗದು. ಅಮ್ಮಿ ಒದ್ದೆ ತಲೆಯನ್ನು ಗೋಡೆಗೆ ಒರಗಿಸುತ್ತಿದ್ದ ಜಾಗದಲ್ಲಿ ಬಣ್ಣ ಸತ್ತುಹೋಗಿರಬಹುದು. ಇನ್ನೊಂದು, ನೆರಳು. ದೀಪ ಉರಿಯುವಾಗ ಗೋಡೆಯ ಮುಂದೆ ಯಾರಾದರೂ ಕೂತಿದ್ದರೆ ಅವರ ಹಿಂದಿನ ಜಾಗಕ್ಕೆ ಬೆಳಕು ಸಿಗುವುದಿಲ್ಲ. ದೀಪ ಆರಿಸಿ ಅವರು ಎದ್ದು ಹೋದ ಮೇಲೂ ನೆರಳು ಅಲ್ಲೇ ಉಳಿಯುತ್ತದೆ. ನಮ್ಮ ಫ್ಯಾಕ್ಟರಿಯಲ್ಲಿ ಹೊಸಬರನ್ನು ಹೀಗೇ ಹೆದರಿಸುತ್ತಾರೆ.

ಯಾವುದು ಎಂದು ತಿಳಿಯಲು ಟಾರ್ಚನ್ನು ಆ ಕಪ್ಪು ಜಾಗದ ಮೇಲೆ ಒಂದಷ್ಟು ಹೊತ್ತು ಹಿಡಿದು ಆರಿಸಿ. ಕಪ್ಪಾಗೇ ಉಳಿದರೆ ಬಣ್ಣ ಸತ್ತಿದೆ. ಹಸಿರಾದರೆ ಬಣ್ಣ ಚೆನ್ನಾಗಿದೆ, ಅಲ್ಲಿ ಯಾರೋ ಕೂತಿದ್ದರು ಎಂದರ್ಥ. ಹೆದರಬೇಡಿ. ಫಿರ್ದೋಸ್ ಮದುವೆಗೆ ಒಪ್ಪಿಬಿಡಿ, ಅಮ್ಮಿಯೂ ಒಪ್ಪುತ್ತಿದ್ದಳು.

ನಿಮ್ಮ ಮಗ
ಸೈಫ್

ಕಡೂರು
25 ಸೆಪ್ಟೆಂಬರ್ 2024

ಸೈಫ್‌ಗೆ ಸಲಾಂ.

ನಾನು ಹೆದರಿದ್ದೇನೆ ಎಂದು ನಿನಗೆ ಯಾರು ಹೇಳಿದರು? ಹೆಂಡತಿಯನ್ನು ನೋಡಿ ಹೆದರುವ ವಯಸ್ಸು ನನಗೆ ಯಾವತ್ತೋ ದಾಟಿತು.

ಟಾರ್ಚ್ ಹಿಡಿಯಲು ನನ್ನ ಕೈಲಾಗಲಿಲ್ಲ. ದೇವನೂರಿನ ಈರಣ್ಣ ಟ್ರೇಲರಿನ ನಂಬರ್ ಪ್ಲೇಟ್ ತೆಗೆದುಕೊಂಡು ಹೋಗಲು ಬಂದಿದ್ದ, ನಿನಗೆ ಗೊತ್ತಲ್ಲ, ತೆಂಗಿನ ತೋಟದ ಈರಣ್ಣ. ಅವನನ್ನೇ ಒಳಗೆ ಕರೆದೆ. ಬಾಗಿಲಲ್ಲೇ ನಿಂತುಬಿಟ್ಟ.

“ಮೊಹಿದ್ದೀನ್ ಭಾಯಿ, ಇದೇನ್ರೀ ಇದು? ನಮ್ಮ ಅಖ್ತರಮ್ಮನೇ ಕೂತವ್ರಲ್ಲಾ” ಎಂದ. ಚಪ್ಪಲಿ ಬಿಟ್ಟು ಕೈ ಮುಗಿದ. ಸ್ವಲ್ಪ ಸುಧಾರಿಸಿಕೊಂಡ ಮೇಲೆ “ನಮ್ಮನೆಯವ್ಳು ಕಮಲಾಕ್ಷಮ್ಮಂಗೆ ಹೇಳ್ಬ್ಯಾಡಿ ಕಣ್ರೀ, ಆಮ್ಯಾಕೆ ನಿಮ್ಮನೆ ಕಡೀಕೆ ತಲೆ ಹಾಕಕಿಲ್ಲ” ಎಂದ.

ಅವನೇ ಟಾರ್ಚ್ ಹಿಡಿದ. ಆರಿಸಿದಾಗ ಕಪ್ಪೆಲ್ಲ ಹಸಿರಾಗಿತ್ತು, ಸುತ್ತಲಿಗಿಂತ ಜೋರು ಹಸಿರು. ಅವಳು ಇರಲಿಲ್ಲ. ಎರಡನೆಯ ಸಲ ಮಣ್ಣು ಮಾಡಿದ ಹಾಗಾಯಿತು, ಈ ಸಲ ನಾನೇ ನಿಂತು ಮಾಡಿಸಿದ್ದೆ. ನಿನ್ನ ಪರೀಕ್ಷೆಗೆ ಬೆಂಕಿ ಬೀಳಲಿ ಎಂದು ಬೈದುಕೊಂಡೆ. ಈರಣ್ಣ ಟೀ ಕುಡಿಯದೆ ಹೋದ.

ಮಾರನೆಯ ಸಂಜೆ ಮತ್ತೆ ಬಂದಳು. ಅವಳ ಮುಂದೆ ಕೂತು ತಪ್ಪಾಯಿತು ಎಂದೆ.

ಅಲ್ಲಿ ಯಾರೋ ಕೂತಿದ್ದರು ಎಂದು ನೀನು ಬರೆದಿದ್ದೀಯ. ಅದನ್ನೇ ನಾನೂ ಹೇಳುತ್ತಿರುವುದು.

ಅಜ್ಜಂಪುರದ ವಿಷಯ ಅವಳನ್ನೇ ಕೇಳಿದೆ. ನಿನ್ನ ಅಮ್ಮಿಯ ರೀತಿ ನಿನಗೆ ತಿಳಿದದ್ದೇ. ಒಪ್ಪಿಗೆಯಾದರೆ ಮಾತಾಡುವ ಮೊದಲು ಎರಡೂ ಕೈ ಎತ್ತಿ ದುವಾ ಮಾಡುತ್ತಿದ್ದಳು. ನಿನ್ನನ್ನು ಪುಣೆಗೆ ಕಳಿಸುವಾಗ ಹಾಗೇ ಮಾಡಿದಳು. ಒಪ್ಪಿಗೆ ಇಲ್ಲದಿದ್ದರೆ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನಿರುತ್ತಿದ್ದಳು. ಹಲವು ಸಂಜೆ ಕೇಳಿದ್ದೇನೆ. ಕೈ ಮಡಿಲಲ್ಲೇ ಇದೆ. ಅಜ್ಜಂಪುರದವರಿಗೆ ರಂಜಾನ್‌ಗೆ ಮುಂಚೆ ಹೇಳುತ್ತೇನೆ ಎಂದಿದ್ದೇನೆ. ಅವಳು ಹೀಗೇ ಕೂತರೆ ಬೇಡ ಎಂದೇ ಹೇಳಬೇಕಾಗುತ್ತದೆ.

ನಿನ್ನ ಅಬ್ಬಾ

ಪುಣೆ
6 ಅಕ್ಟೋಬರ್ 2024

ಪ್ರೀತಿಯ ಫಿರ್ದೋಸ್,

ಇದನ್ನು ನೀನು ಕೆಲಸ ಮಾಡುವ ಮೆಡಿಕಲ್ ಸ್ಟೋರಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಮನೆಗೆ ಬಂದರೆ ಅಬ್ಬಾ ಒಡೆಯುತ್ತಾರೆ. ಅವರು ನನಗೆ ಬರೆದದ್ದೆಲ್ಲ ನಿನಗೆ ಗೊತ್ತೋ ಇಲ್ಲವೋ ತಿಳಿಯದು. ಒಳಕೋಣೆಯ ಗೋಡೆಯ ಮೇಲೆ ಅಮ್ಮಿ ಕಾಣುತ್ತಾಳಂತೆ. ನಿನ್ನ ಮದುವೆ ಬೇಡ ಎನ್ನುತ್ತಾಳಂತೆ.

ಟಾರ್ಚ್ ಹಿಡಿದಾಗ ಆ ಜಾಗ ಬೆಳಗಿದೆ. ಬಣ್ಣ ಸತ್ತಿಲ್ಲ. ಹಾಗಾದರೆ ದಿನಾ ಸಂಜೆ ದೀಪ ಉರಿಯುವಾಗ ಗೋಡೆಯ ಮುಂದೆ ಒಬ್ಬರು ಕೂತಿರಲೇಬೇಕು. ಆ ಹೊತ್ತಿನಲ್ಲಿ ಆ ಮನೆಯಲ್ಲಿರುವುದು ನೀನೊಬ್ಬಳೇ. ನಾನು ಬೈಯುವುದಿಲ್ಲ, ನಿಜ ಹೇಳು. ನೀನು ಹೌದು ಎಂದರೆ ನನಗೆ ನಿದ್ದೆಯಾದರೂ ಬರುತ್ತದೆ.

ನಿನ್ನ ಭಾಯಿ
ಸೈಫ್

ಕಡೂರು
24 ಅಕ್ಟೋಬರ್ 2024

ಭಾಯಿಜಾನ್‌ಗೆ ಸಲಾಂ.

ಹೌದು, ನಾನೇ. ಇನ್ನು ನಿದ್ದೆ ಮಾಡು. ನನಗೆ ಮಾತ್ರ ಬರುತ್ತಿಲ್ಲ.

ಮೊದಲ ಸಲ ಆದದ್ದು ಬೇಕೆಂದು ಅಲ್ಲ. ಅಮ್ಮಿಯ ಬಟ್ಟೆ ಮಡಚಿಡಲು ಹೋದವಳು ಅವಳ ಓಢನಿ ಹೊದ್ದು ಅವಳ ಮಣೆಯ ಮೇಲೆ ಕೂತು ಅತ್ತುಬಿಟ್ಟೆ. ಅಬ್ಬಾನ ಟಿವಿಎಸ್ ಗಾಡಿಯ ಶಬ್ದ ಕೇಳಿಸಿತು. ಕಣ್ಣು ಒರೆಸಿಕೊಂಡು ದೀಪ ಆರಿಸಿ ಅಡುಗೆಮನೆಗೆ ಓಡಿದೆ. ಅವರು ಕೋಣೆಗೆ ಹೋದರು. ಆಮೇಲೆ ಊಟಕ್ಕೆ ಕೂತವರು ಮೂರು ರೊಟ್ಟಿ ತಿಂದರು. ಭಾಯಿ, ನಲವತ್ತು ದಿನ ಆ ಮನುಷ್ಯ ಗಂಜಿಯನ್ನೂ ಸರಿಯಾಗಿ ಕುಡಿದಿರಲಿಲ್ಲ. ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡಿದ್ದರು. ಮಾರನೆಯ ದಿನ ಬೇಕೆಂದೇ ಕೂತೆ. ಮತ್ತೆ ಉಂಡರು. ಆಮೇಲೆ ಹೇಗೆ ನಿಲ್ಲಿಸಲಿ ಹೇಳು. ಈರಣ್ಣ ಮಾವ ಟಾರ್ಚ್ ಹಿಡಿದ ಸಂಜೆ ನಾನು ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಿಂತಿದ್ದೆ, ಅಬ್ಬಾ ಅತ್ತದ್ದು ನನಗೆ ಕೇಳಿಸುತ್ತಿತ್ತು.

ಈಗ ದಿನವೂ ಕೆಲಸದಿಂದ ಬಂದು ಮುಖ ತೊಳೆದು ಕೂರುತ್ತೇನೆ. ಒಂದು ಪಕ್ಕ ಟ್ಯೂಬ್‌ಲೈಟು, ಇನ್ನೊಂದು ಪಕ್ಕ ಗೋಡೆ. ತಲೆ ಬಗ್ಗಿಸಿ ಕೈ ಮಡಿಲಲ್ಲಿಟ್ಟು, ಅಮ್ಮಿ ಕೂರುತ್ತಿದ್ದ ಹಾಗೆ. ಮೊದಮೊದಲು ನಗು ಬರುತ್ತಿತ್ತು. ಈಚೆಗೆ ಬರುವುದಿಲ್ಲ. ಕೂತಾಗ ಒಂದು ಥರ ಆಗುತ್ತದೆ. ಬರೆದರೆ ನೀನು ನಗುತ್ತೀಯ, ಆದರೂ ಬರೆಯುತ್ತೇನೆ. ನಾನು ಕೂತಿಲ್ಲ, ನನ್ನನ್ನು ಯಾರೋ ಸರಿಯಾಗಿ ಕೂರಿಸುತ್ತಿದ್ದಾರೆ ಅನ್ನಿಸುತ್ತದೆ. ಮೊನ್ನೆ ದೀಪ ಆರಿಸಿ ಎದ್ದು ತಿರುಗಿ ನೋಡಿದೆ. ನನ್ನದೇ ನೆರಳು ಎಂದು ಗೊತ್ತಿದ್ದೂ, ಬೆನ್ನು ಹಾಕಿ ಹೊರಗೆ ಹೋಗಲು ಆಗದೆ ಹಿಂದಕ್ಕೆ ಹೆಜ್ಜೆ ಇಟ್ಟುಕೊಂಡೇ ಬಂದೆ.

ಫೋನ್ ಮಾಡಬೇಡ. ಈ ಮನೆಯಲ್ಲಿ ಆಡಿದ ಮಾತೆಲ್ಲ ಆ ಕೋಣೆಗೆ ಕೇಳಿಸುತ್ತದೆ ಎಂದು ನನಗೊಂದು ಭ್ರಮೆ ಹಿಡಿದಿದೆ.

ಅಬ್ಬಾ ಅದರ ಜೊತೆ ನನ್ನ ಮದುವೆ ಮಾತಾಡುವುದು ನೀನು ಬರೆದ ಮೇಲೇ ತಿಳಿದದ್ದು. ಆಮೇಲೆ ಬಾಗಿಲ ಹತ್ತಿರ ನಿಂತು ಕೇಳಿದೆ. “ಹೇಳೇ, ಅಜ್ಜಂಪುರದವರಿಗೆ ಏನ್ ಹೇಳ್ಲಿ? ಸುಮ್ನೆ ಕೂತ್ರೆ ಹೆಂಗೆ?” ಎನ್ನುತ್ತಿದ್ದರು. ನಾನು ಕೈ ಮಡಿಲಲ್ಲಿಟ್ಟು ಕೂತಿದ್ದೇ ಬೇಡ ಅಂತಾಯಿತಂತೆ. ನನ್ನ ಮದುವೆಯನ್ನು ನಾನೇ ದಿನಾ ಸಂಜೆ ಮುರಿಯುತ್ತಿದ್ದೇನೆ. ನಿನಗೆ ಹೇಳಲು ನಾಚಿಕೆ ಏನು, ಇಮ್ದಾದ್ ನನಗೆ ಇಷ್ಟ. ಕಡಿಮೆ ಮಾತಿನವನು, ಎದುರಿಗಿದ್ದವರ ಮಾತು ಪೂರ್ತಿ ಕೇಳುತ್ತಾನೆ. ಇದು ತಪ್ಪಿಹೋದರೆ ನಾನು ಇನ್ನೊಂದಕ್ಕೆ ಒಪ್ಪುವವಳಲ್ಲ.

ನಿನ್ನ ತಂಗಿ
ಫಿರ್ದೋಸ್

ಪುಣೆ
10 ನವೆಂಬರ್ 2024

ಫಿರ್ದೋಸ್,

ಪೆದ್ದಿ, ಉಪಾಯ ನಿನ್ನ ಕೈಯಲ್ಲೇ ಇದೆ. ಅಬ್ಬಾ ಕಾಯುತ್ತಿರುವುದು ಅಮ್ಮಿ ಕೈ ಎತ್ತಲಿ ಎಂದು. ಎತ್ತು. ಮುಖದ ಮುಂದೆ ಎರಡೂ ಅಂಗೈ ತೆರೆದು, ಗೋಡೆಗೆ ಪಕ್ಕವಾಗಿ ಕೂರು. ಬೆರಳು ಮುಖಕ್ಕೆ ತಾಗದ ಹಾಗೆ ನಡುವೆ ಬೆಳಕು ಬೀಳಲಿ, ಆಗ ನೆರಳು ಸ್ಪಷ್ಟವಾಗಿ ಬರುತ್ತದೆ. ಅಲುಗಾಡಬೇಡ. ದೀಪ ಆರಿಸಲು ಸ್ವಿಚ್‌ಗೆ ಕೈ ಚಾಚಬೇಕಲ್ಲ, ತಟ್ಟನೆ ಮಾಡು, ಅಷ್ಟರಿಂದ ಏನೂ ಕೆಡುವುದಿಲ್ಲ.

ಇದು ಮೋಸ ಎಂದು ನನಗೂ ಗೊತ್ತು. ಆದರೆ ಮೂರು ತಿಂಗಳಿಂದ ಮಾಡುತ್ತಿರುವುದೂ ಅದೇ. ಒಂದು ಸಲ ನಿನಗಾಗಿ ಮಾಡು, ಆಮೇಲೆ ನಿಲ್ಲಿಸು.

ಸೈಫ್

ಕಡೂರು
15 ಡಿಸೆಂಬರ್ 2024

ಭಾಯಿಜಾನ್,

ಧೈರ್ಯ ಬರಲು ಇಷ್ಟು ದಿನ ಬೇಕಾಯಿತು. ಈ ವಾರ ಗುರುವಾರ, ಜುಮೇರಾತ್ ಸಂಜೆ ಕೂತೆ. ನೀನು ಹೇಳಿದಂತೆಯೇ ಕೈ ಎತ್ತಿದೆ. ಗಾಡಿಯ ಶಬ್ದ ಕೇಳಿಸಿದಾಗ ದೀಪ ಆರಿಸಿ ಎದ್ದು ನೋಡಿದೆ. ಚೆನ್ನಾಗಿ ಬಂದಿತ್ತು. ಬಾಗಿದ ತಲೆ, ಅದರ ಮುಂದೆ ಎರಡು ಕೈ, ಬೆರಳುಗಳೂ ಬೇರೆ ಬೇರೆ ಕಾಣುತ್ತಿದ್ದವು. ಬಿಸ್ಮಿಲ್ಲಾ ಹೇಳಿ ಅಡುಗೆಮನೆಗೆ ಹೋದೆ.

ಅಬ್ಬಾ ತುಂಬ ಹೊತ್ತು ಒಳಗಿದ್ದರು. ಹೊರಗೆ ಬಂದು ತಟ್ಟೆಯ ಮುಂದೆ ಕೂತರು. ನಾನು ಬಡಿಸುವಾಗ ತಲೆ ಎತ್ತದೆ, “ನಿಮ್ಮಮ್ಮಿ ಇವತ್ತೂ ಕೈ ಎತ್ತಲಿಲ್ಲಮ್ಮ, ಮಡಿಲಲ್ಲೇ ಇಟ್ಕೊಂಡಿದ್ಲು” ಎಂದರು.

ನನ್ನ ಕೈಯಿಂದ ಸೌಟು ಜಾರಿತು. ಏನಾಯಿತು ಎಂದರು. ಬಿಸಿ ತಾಗಿತು ಎಂದೆ. ಭಾಯಿ, ನಾನು ಕಣ್ಣಾರೆ ನೋಡಿ ಬಂದಿದ್ದೆ. ನಾನು ಅಡುಗೆಮನೆಗೆ ಹೋದ ಮೇಲೆ, ಅವರು ಬಾಗಿಲು ತೆಗೆಯುವ ಮೊದಲು, ಆ ಕೈ ಹೇಗೆ ಇಳಿಯಿತು? ನಿನ್ನ ಗುಂಡುಪಿನ್ನಿನಷ್ಟು ವಿಜ್ಞಾನದಲ್ಲಿ ಇದಕ್ಕೆ ಉತ್ತರ ಇದ್ದರೆ ಬರೆ.

ನನಗೆ ಇನ್ನು ಆಗುವುದಿಲ್ಲ. ಮಾರನೆಯ ದಿನವೇ ಅಬ್ಬಾ ಅಂಗಡಿಗೆ ಹೋದಾಗ ಆ ಕೋಣೆಯ ಟ್ಯೂಬ್‌ಲೈಟ್ ಬಿಚ್ಚಿ ಹಳೆ ಸೀರೆಯಲ್ಲಿ ಸುತ್ತಿ ನನ್ನ ಮಂಚದ ಕೆಳಗೆ ಇಟ್ಟೆ. ಬಟ್ಟೆಯನ್ನೆಲ್ಲ ನಡುಮನೆಯ ಬೀರುವಿಗೆ ತಂದೆ. ಅಬ್ಬಾ ಅಲ್ಲಿ ದೀಪ ಹಾಕುವವರಲ್ಲ, ಅವರಿಗೆ ತಿಳಿಯುವುದಿಲ್ಲ. ಇನ್ನು ಗೋಡೆ ಬೆಳಗುವುದೂ ಇಲ್ಲ, ನಾನು ಅಲ್ಲಿ ಕಾಲಿಡುವುದೂ ಇಲ್ಲ. ಅವರು ಮತ್ತೆ ಊಟ ಬಿಟ್ಟರೆ ಏನು ಮಾಡಲಿ ಎಂಬ ಚಿಂತೆ ಒಂದೇ.

ಫಿರ್ದೋಸ್

ಪುಣೆ
2 ಜನವರಿ 2025

ಅಬ್ಬಾಗೆ ಸಲಾಂ.

ಇದನ್ನು ಬರೆಯಲು ನನಗೆ ಸಂಕಟವಾಗುತ್ತಿದೆ, ಆದರೂ ಬರೆಯಬೇಕು. ಗೋಡೆಯ ಮೇಲಿದ್ದದ್ದು ಅಮ್ಮಿ ಅಲ್ಲ, ಫಿರ್ದೋಸ್. ನೀವು ಊಟ ಬಿಟ್ಟಿದ್ದನ್ನು ನೋಡಲಾರದೆ ಅಮ್ಮಿಯ ಓಢನಿ ಹೊದ್ದು ದಿನಾ ಕೂತಳು. ಮೋಸ ಮಾಡಲು ಅಲ್ಲ. ಅವಳಿಗೆ ಬೈಯಬೇಡಿ, ಬೈಯುವುದಾದರೆ ನನಗೆ ಬೈಯಿರಿ. ಕೈ ಎತ್ತಲು ಹೇಳಿಕೊಟ್ಟದ್ದು ನಾನು.

ಆ ನೆರಳಿನ ಮಾತು ಕೇಳಿ ಅವಳ ಬಾಳು ತಡೆಯಬೇಡಿ. ಅಜ್ಜಂಪುರ ಅವಳಿಗೆ ಇಷ್ಟ. ನಾನು ರಂಜಾನ್ ಹಬ್ಬಕ್ಕೆ ಬಂದು ಆ ಗೋಡೆಯ ಬಣ್ಣ ಕೆರೆದು ಸುಣ್ಣ ಹೊಡೆಯುತ್ತೇನೆ. ಬಳಿದವನೇ ತೆಗೆಯಬೇಕು.

ಸೈಫ್

ಕಡೂರು
19 ಜನವರಿ 2025

ಸೈಫ್‌ಗೆ ಸಲಾಂ.

ನಿನ್ನ ಕಾಗದ ಓದಿ ನನಗೆ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ಗೊತ್ತಿಲ್ಲ ಎಂದುಕೊಂಡೆಯಾ? ಒಂದು ಅಕ್ಷರದ ಹೊಟ್ಟೆ ಕೂದಲೆಳೆಯಷ್ಟು ಉಬ್ಬಿದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಮೊದಲ ಸಂಜೆ ಹೆದರಿದ್ದು ನಿಜ. ಎರಡನೆಯ ಸಂಜೆ ನೋಡಿದಾಗ ಕತ್ತು ಉದ್ದವಿತ್ತು, ಮೂಗು ನನ್ನ ಮನೆತನದ್ದು. ನನ್ನ ಮಗಳೇ ಎಂದು ತಿಳಿಯಿತು. ನನಗೆ ಅನ್ನ ಇಳಿಯಲಿ ಎಂದು ದುಡಿದು ದಣಿದು ಬಂದವಳು ಕೂತಿದ್ದಾಳೆ ಎಂದು ಗೊತ್ತಾದ ಮೇಲೆ ಉಣ್ಣದೆ ಇರಲಿ ಹೇಗೆ?

ನಿನಗೆ ಅಮ್ಮಿ ಎಂದೇ ಬರೆದೆ, ಈರಣ್ಣನಿಗೂ ಹಾಗೇ ತೋರಿಸಿದೆ. ಹಾಗೆ ಹೇಳುತ್ತ ಹೇಳುತ್ತ ಅದು ಹಾಗೇ ಆಗುತ್ತಿತ್ತು. ಟಾರ್ಚ್ ಹಿಡಿದ ದಿನ ನಾನು ಅತ್ತದ್ದೂ ನಿಜವೇ.

ಇನ್ನೊಂದು ಒಪ್ಪಿಕೊಳ್ಳಬೇಕು. ಹೋದ ತಿಂಗಳು ಅವಳು ಕೈ ಎತ್ತಿ ಕೂತಿದ್ದಳು. ನಾನು ನೋಡಿದೆ. ನೋಡಿಯೂ ಕೈ ಮಡಿಲಲ್ಲಿದೆ ಎಂದೆ. ನಿನ್ನ ಅಮ್ಮಿ ಬೇಡ ಎಂದಳು ಅನ್ನುವುದು ಸುಲಭ. ಹೋಗಬೇಡಮ್ಮ, ಈ ಮನೆಯಲ್ಲಿ ಒಬ್ಬನೇ ಇರಲು ನನಗೆ ಭಯ ಎಂದು ಮಗಳ ಮುಂದೆ ಹೇಳಲು ಬಾಯಿ ಬರಲಿಲ್ಲ.

ಅವಳಿಗೆ ಇದನ್ನು ಹೇಳಬೇಡ, ಪಾಪ, ಕೂರುವುದನ್ನು ನಿಲ್ಲಿಸಿಬಿಡುತ್ತಾಳೆ. ಇಂದು ಸಂಜೆಯೂ ಕೂತಿದ್ದಳು. ಈಗ ಎಷ್ಟು ಚೆನ್ನಾಗಿ ಕೂರುತ್ತಾಳೆ ಗೊತ್ತೇ? ಮೊದಲು ಅಲ್ಲಿ ಇಲ್ಲಿ ತಪ್ಪುತ್ತಿತ್ತು, ಹುಡುಗಿಯ ಬೆನ್ನು ನೆಟ್ಟಗೆ. ಈ ಒಂದು ತಿಂಗಳಿಂದ ಬೆನ್ನು ಸಹ ಅವಳ ಅಮ್ಮಿಯದರ ಹಾಗೇ ಬಾಗಿದೆ. ಕತ್ತು ಗಿಡ್ಡವಾಗಿದೆ. ಬಲಗೈಯ ಬಳೆ ಇಳಿದು ನಿಲ್ಲುವ ಜಾಗವೂ ಅದೇ. ನನಗೇ ಈಗ ವ್ಯತ್ಯಾಸ ಸಿಗುವುದಿಲ್ಲ. ಹಸಿರು ಕೂಡ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ರಾತ್ರಿಯ ಇಶಾ ನಮಾಜಿಗೆ ಹೊರಡುವಾಗಲೂ ಇರುತ್ತದೆ. ನಿನ್ನ ಬಣ್ಣ ಒಳ್ಳೆಯದು ಎಂದು ಒಪ್ಪಿದೆ.

ರಂಜಾನ್‌ಗೆ ಮುಂಚೆ ನಾನು ಮನಸ್ಸು ಗಟ್ಟಿ ಮಾಡಿಕೊಂಡು ಅವಳನ್ನು ಬಿಡಬೇಕು. ಸ್ವಲ್ಪ ಸಮಯ ಕೊಡು.

ನಿನ್ನ ಅಬ್ಬಾ

ಪುಣೆ
30 ಜನವರಿ 2025

ಫಿರ್ದೋಸ್,

ಅಬ್ಬಾಗೆ ಮೊದಲಿನಿಂದಲೂ ಗೊತ್ತಿತ್ತು. ನಿನ್ನ ಕೈ ಎತ್ತಿದ ನೆರಳನ್ನೂ ನೋಡಿದ್ದರು, ನಿನ್ನನ್ನು ಕಳಿಸಲು ಮನಸ್ಸು ಬಾರದೆ ಸುಳ್ಳು ಹೇಳಿದರು. ಹಾಗಾಗಿ ಆ ದಿನದ ಹೆದರಿಕೆ ಬಿಡು. ಯಾವ ಕೈಯೂ ತಾನಾಗಿ ಇಳಿದಿಲ್ಲ.

ಆದರೆ ಒಂದು ಮಾತು ಸರಿಯಾಗಿ ಹೇಳು. ಟ್ಯೂಬ್‌ಲೈಟ್ ಬಿಚ್ಚಿದೆ, ಆ ಕೋಣೆಗೆ ಹೋಗುವುದಿಲ್ಲ ಎಂದು ನೀನು ಡಿಸೆಂಬರಿನಲ್ಲಿ ಬರೆದೆ. ನೀನು ಈಗಲೂ ದಿನಾ ಕೂರುತ್ತೀಯ ಎಂದು ಅಬ್ಬಾ ಜನವರಿಯಲ್ಲಿ ಬರೆಯುತ್ತಾರೆ. ಮತ್ತೆ ಕೂರಲು ಶುರು ಮಾಡಿದೆಯಾ? ಬೇರೆ ದೀಪ ಇಟ್ಟುಕೊಂಡಿದ್ದೀಯಾ? ದಯವಿಟ್ಟು ಹೌದು ಎಂದು ಬರೆ.

ಸೈಫ್

ಕಡೂರು
21 ಫೆಬ್ರವರಿ 2025

ಭಾಯಿಜಾನ್‌ಗೆ ಸಲಾಂ.

ನಿನ್ನ ಕಾಗದ ಬಂದು ದಿನಗಳಾದವು. ಹೌದು ಎಂದು ಬರೆಯಲು ಪೆನ್ನು ಹಿಡಿದು ಬಿಟ್ಟೆ. ನಿನಗೆ ಸುಳ್ಳು ಬರೆಯಲಾರೆ. ಡಿಸೆಂಬರಿನ ಆ ದಿನದಿಂದ ನಾನು ಆ ಕೋಣೆಯ ಹೊಸ್ತಿಲು ದಾಟಿಲ್ಲ. ಟ್ಯೂಬ್‌ಲೈಟು ನನ್ನ ಮಂಚದ ಕೆಳಗೇ ಇದೆ, ಈಗ ಬಗ್ಗಿ ನೋಡಿ ಬರೆಯುತ್ತಿದ್ದೇನೆ. ಅದರ ಮೇಲೆ ಧೂಳು ಕೂತಿದೆ. ಆ ಕೋಣೆಯ ಮುಚ್ಚಿದ ಕಿಟಕಿಗೆ ಹೊರಗಿನಿಂದ ಅಡ್ಡವಾಗಿ ಅಬ್ಬಾ ಇಟ್ಟ ಬಣ್ಣದ ಡಬ್ಬಗಳು ಹಾಗೇ ಇವೆ, ಬೆಳಕು ಒಳಗೆ ಬೀಳುವಂತಿಲ್ಲ. ಅಬ್ಬಾ ಊಟ ಬಿಡುತ್ತಾರೆ ಎಂದು ಹೆದರಿದ್ದೆ. ಬಿಡಲಿಲ್ಲ. ದಿನಾ ಸಂಜೆ ಒಳಗೆ ಹೋಗಿ, ಸಮಾಧಾನದ ಮುಖ ಮಾಡಿಕೊಂಡು ಬಂದು ಉಣ್ಣುತ್ತಿದ್ದರು. ಕತ್ತಲಲ್ಲಿ ಸುಮ್ಮನೆ ಕೂತು ಬರುತ್ತಾರೆ, ಅಷ್ಟರಿಂದಲೇ ಅವರಿಗೆ ನೆಮ್ಮದಿ ಎಂದುಕೊಂಡೆ. ಬಾಗಿಲ ಸಂದಿಯಿಂದ ಒಂದು ಸಲವೂ ನೋಡಲಿಲ್ಲ. ನೋಡಬೇಕಿತ್ತು, ಧೈರ್ಯ ಬರಲಿಲ್ಲ.

ನಿನ್ನೆ ತರೀಕೆರೆಯಿಂದ ಅಮ್ಮಿಯ ತಂಗಿ, ಮುಸರತ್ ಖಾಲಾ ಬಂದಿದ್ದರು. ಅಜ್ಜಂಪುರದವರನ್ನು ಇನ್ನೂ ಎಷ್ಟು ದಿನ ಕಾಯಿಸುತ್ತೀರಿ ಎಂದು ಅಬ್ಬಾನ ಹತ್ತಿರ ಜಗಳ ಆಡಲೆಂದೇ ಬಂದದ್ದು. ಮಧ್ಯಾಹ್ನದ ಮೇಲಿನ ಅಸರ್ ನಮಾಜು ಆದಾಗಿನಿಂದ ನಾವಿಬ್ಬರೂ ಅಡುಗೆಮನೆಯಲ್ಲೇ ಇದ್ದೆವು. ಅವರು ಹಿಟ್ಟು ನಾದುತ್ತಿದ್ದರು, ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಒಂದು ಗಳಿಗೆಯೂ ಎದ್ದಿಲ್ಲ, ಖಾಲಾನ ಕೇಳಿದರೂ ಹೇಳುತ್ತಾರೆ. ಅಬ್ಬಾ ನಮಾಜಿನಿಂದ ಬಂದು ಒಳಕೋಣೆಗೆ ಹೋದರು.

ಈ ಸಲ ಬೇಗ ಹೊರಗೆ ಬಂದರು. ಕಣ್ಣು ಒದ್ದೆಯಾಗಿತ್ತು. ನಮ್ಮ ಯಾರ ಜೊತೆಯೂ ಮಾತಾಡದೆ ಬೀರುವಿನಿಂದ ಅಮ್ಮಿಯ ಫೋನ್ ತೆಗೆದು ಚಾರ್ಜಿಗೆ ಹಾಕಿದರು, ಅದು ಹೊತ್ತಿಕೊಳ್ಳುವ ತನಕ ನಿಂತೇ ಇದ್ದರು. ಆಮೇಲೆ ಆ ಫೋನಿನಿಂದಲೇ ಇಮ್ದಾದ್ ಮನೆಗೆ ಅವರೇ ಕರೆ ಮಾಡಿ ನಮ್ಮ ಒಪ್ಪಿಗೆ ಇದೆ, ಈದ್ ಆದ ಮೇಲೆ ದಿನ ಹಿಡಿಯಿರಿ ಎಂದರು. ಖಾಲಾ ಹಿಟ್ಟಿನ ಕೈಯಲ್ಲೇ ನನ್ನನ್ನು ಅಪ್ಪಿಕೊಂಡರು. ಭಾಯಿ, ನನಗೆ ಎಷ್ಟು ಸಂತೋಷವಾಯಿತು ಎಂದು ಬರೆಯಲು ಬರುವುದಿಲ್ಲ. ಇವತ್ತೂ ಇದೆ ಆ ಸಂತೋಷ. ಅದರ ಜೊತೆಗೇ ಭಯವೂ ಇದೆ. ಎರಡೂ ನಿಜ.

ಸುಣ್ಣ ಹೊಡೆಯಲು ಬರುತ್ತೇನೆ ಎಂದಿದ್ದೆಯಲ್ಲ, ಹಬ್ಬದ ತನಕ ಕಾಯಬೇಡ, ಈಗಲೇ ಬಾ. ಆದರೆ ಗೋಡೆ ಮುಟ್ಟುವ ಮೊದಲು ಒಂದು ಸಂಜೆ ಅಬ್ಬಾನ ಜೊತೆ ಆ ಕೋಣೆಯಲ್ಲಿ ಕೂರು. ಅಮ್ಮಿಗೆ ನೀನೂ ಸಲಾಂ ಹೇಳುವುದು ಬಾಕಿ ಇದೆ. ನಾನು ಬರುವುದಿಲ್ಲ, ನನ್ನನ್ನು ಒತ್ತಾಯ ಮಾಡಬೇಡ.

ಫೋನ್ ಇಟ್ಟ ಮೇಲೆ ಅಬ್ಬಾ ಅಡುಗೆಮನೆಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ನಿನಗೆ ಬರೆದದ್ದನ್ನೆಲ್ಲ ನನಗೂ ಹೇಳಿದರು, ಮೊದಲಿನಿಂದ ಗೊತ್ತಿತ್ತು ಎಂದರು, ಸುಳ್ಳು ಹೇಳಿದ್ದಕ್ಕೆ ಮಾಫಿ ಕೇಳಿದರು. ಅಪ್ಪ ಮಗಳ ಮುಂದೆ ಹಾಗೆ ಕೇಳಬಾರದು, ಕೇಳಿದರು. ಆಮೇಲೆ ನನ್ನ ಎರಡೂ ಕೈ ಹಿಡಿದು ತಮ್ಮ ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ಒತ್ತತೊಡಗಿದರು.

“ಇವತ್ತು ನಾನ್ ಬರೋ ತನಕ ಗೋಡೆ ಮುಂದೆ ಕೈ ಎತ್ಕೊಂಡೇ ಕೂತಿದ್ಯಲ್ಲಮ್ಮ” ಎಂದರು. “ಅಷ್ಟೊತ್ತು ಎತ್ಕೊಂಡ್ರೆ ಕೈ ನೋಯಲ್ವಾ?”

ಖಾಲಾ ನನ್ನ ಮುಖ ನೋಡುತ್ತಿದ್ದರು. ಇಲ್ಲ ಅಬ್ಬಾ, ನೋಯಲಿಲ್ಲ ಎಂದೆ.

ನಿನ್ನ ತಂಗಿ
ಫಿರ್ದೋಸ್